ಫೆಬ್ರುವರಿಯ ಹಾಳೆ

ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಉಳಿದವರನ್ನು ಯಾರೂ ಅತಿಥಿ ಅನ್ನುವುದಿಲ್ಲ. ಬಾಡಿಗೆದಾರ ಅನ್ನಬಹುದು, ಮನೆಯಳಿಯ ಅನ್ನಬಹುದು, ತೀರಾ ಬೇಸರ ಬಂದರೆ ಪೀಡೆ ಅಂತಲೂ ಅನ್ನಬಹುದು. ಆದರೆ ಆ ಕಾಲೇಜಿನ ಇತಿಹಾಸ ವಿಭಾಗ ಅವಳನ್ನು ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ ಎಂದೇ ಇಟ್ಟುಕೊಂಡಿತ್ತು. ಬೇಸಿಗೆ ರಜೆಯ ಹಿಂದಿನ ದಿನ ಕೆಲಸದಿಂದ ತೆಗೆಯುವುದು, ರಜೆ ಮುಗಿದ ಮರುದಿನ ಮತ್ತೆ ಸೇರಿಸಿಕೊಳ್ಳುವುದು. ನಡುವಿನ ಎರಡು ತಿಂಗಳು ಅವಳು ಗಾಳಿ ಕುಡಿದು ಬದುಕುತ್ತಾಳೆ ಎಂದು ಆಡಳಿತದವರು ನಂಬಿದ್ದರು. ವಿದ್ಯಾರ್ಥಿಗಳು, ಜವಾನರು, ಕ್ಯಾಂಟೀನಿನವನು ಎಲ್ಲರೂ ‘ಅತಿಥಿ ಮೇಡಂ’ ಅಂತ ಕರೆದು ಕರೆದು ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

ಆ ವರ್ಷ ಹೊಸ ಆದೇಶ ಬಂತು. ಡಾಕ್ಟರೇಟ್ ಇರುವ ಅತಿಥಿಗಳನ್ನು ಕಾಯಂ ಮಾಡುತ್ತಾರೆ, ಇಲ್ಲದವರಿಗೆ ಮುಂದಿನ ರಜೆಯೇ ಕೊನೆಯ ರಜೆ. ಅವಳಿಗೆ ನಲವತ್ತೆರಡು. ಪ್ರಬಂಧ ಶುರು ಮಾಡಿ ಆರು ವರ್ಷವಾಗಿತ್ತು, ಮೂರನೇ ಅಧ್ಯಾಯ ಒಂದು ಬಾಕಿ ಇತ್ತು. ವಿಷಯ, ಹದಿನಾರನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜ, ಧರ್ಮ ಮತ್ತು ಸಾಮಾನ್ಯ ಜನ. ಇದನ್ನು ಕೇಳಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: ‘ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕು?’ ಅವಳ ಬಳಿ ಉತ್ತರ ಇತ್ತು, ಆದರೆ ಕೇಳಿದವರು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಮಾರ್ಗದರ್ಶಕರು ವಿಶ್ವವಿದ್ಯಾಲಯದ ದೊಡ್ಡ ಪ್ರೊಫೆಸರು. ಎದುರಿಗೆ ‘ಸರ್’, ಬೆನ್ನ ಹಿಂದೆ ‘ಬಲಿಪೀಠ’. ಆ ಅಡ್ಡಹೆಸರು ಬಂದದ್ದು ಅವರು ಬರೆದ ಒಂದೇ ಒಂದು ಪುಸ್ತಕದಿಂದ. ಕಥೆ ಇಷ್ಟೇ. ಆ ಕಾಲದ ಇಂಗ್ಲೆಂಡಿನಲ್ಲಿ ಸಿಂಹಾಸನದ ಮೇಲೆ ಕೂತವರು ಬದಲಾದರೆ ದೇವರ ಪೂಜೆಯೂ ಬದಲಾಗುತ್ತಿತ್ತು. ಅಪ್ಪ ಒಂದು ಹೇಳಿದ, ಮಗ ಇನ್ನೊಂದು ಹೇಳಿದ, ಅಕ್ಕ ಬಂದು ತಮ್ಮನದನ್ನು ಅಳಿಸಿದಳು, ತಂಗಿ ಬಂದು ಅಕ್ಕನದನ್ನು ಅಳಿಸಿದಳು. ಮಗನೆಂದರೆ ಎಡ್ವರ್ಡ್ ಎಂಬ ಬಾಲರಾಜ. ಅವನ ಕಾಲದಲ್ಲಿ, ಚರ್ಚುಗಳೊಳಗೆ ಪೂಜೆ ನಡೆಯುವ ಕಲ್ಲಿನ ಬಲಿಪೀಠ ಕಿತ್ತು ಮರದ ಮೇಜು ಇಡಿ ಎಂದು ಅಪ್ಪಣೆಯಾಯಿತು. ೧೫೫೩ರ ಜುಲೈಯಲ್ಲಿ ಅವನು ತೀರಿಕೊಂಡ. ಪಟ್ಟಕ್ಕೆ ಬಂದ ಅಕ್ಕ ಮೇರಿ ಹಳೆಯ ಪೂಜೆಯನ್ನೇ ಮತ್ತೆ ತಂದಳು, ಕಲ್ಲುಗಳು ಮತ್ತೆ ಎದ್ದು ನಿಂತವು.

ಇದು ಎಲ್ಲರಿಗೂ ಗೊತ್ತಿದ್ದದ್ದು. ಪ್ರೊಫೆಸರರ ಶೋಧ ಏನೆಂದರೆ, ಒಂದು ಸಣ್ಣ ಊರಿನ ಜನ ೧೫೫೩ರ ಫೆಬ್ರುವರಿಯಲ್ಲೇ, ಬಾಲರಾಜ ಇನ್ನೂ ಬದುಕಿದ್ದಾಗಲೇ, ಅಡಗಿಸಿಟ್ಟ ಬಲಿಪೀಠದ ಕಲ್ಲನ್ನು ಹೊರತೆಗೆದು ಚರ್ಚಿನಲ್ಲಿ ನಿಲ್ಲಿಸಿದರು ಎನ್ನುವುದು. ಅಂದರೆ ಅಪ್ಪಣೆಗೆ ಕಾಯಲಿಲ್ಲ, ರಾಜನನ್ನೇ ಧಿಕ್ಕರಿಸಿದರು. ‘ಜನ ಮೊದಲು, ಸಿಂಹಾಸನ ಆಮೇಲೆ’ ಎಂಬ ಒಂದು ವಾಕ್ಯ ಹಿಡಿದುಕೊಂಡು ಅವರು ಇಪ್ಪತ್ತೆಂಟು ವರ್ಷ ಮೆರೆದರು. ಅದು ಪಠ್ಯಪುಸ್ತಕಕ್ಕೆ ಬಂತು, ಪರೀಕ್ಷೆಗೆ ಬಂತು, ಹತ್ತು ಅಂಕದ ಪ್ರಶ್ನೆಯಾಯಿತು. ಮುನ್ನುಡಿಯಲ್ಲಿ ಅವರು ಬರೆದಿದ್ದರು: ‘ಆ ಊರಿನ ಚರ್ಚಿನಲ್ಲಿ ಕೂತು ಅದರ ಖರ್ಚುವೆಚ್ಚದ ಮೂಲ ದಫ್ತರದ ಹಾಳೆಗಳನ್ನು ನನ್ನ ಕೈಯಾರೆ ತಿರುವಿದ್ದೇನೆ.’ ಆ ಸಾಲು ಓದಿದಾಗಲೇ ಅತಿಥಿ ಮೇಡಂಗೆ ಇತಿಹಾಸದ ಹುಚ್ಚು ಹಿಡಿದದ್ದು, ಇಪ್ಪತ್ತೊಂದರ ವಯಸ್ಸಿನಲ್ಲಿ.

ಗಂಡನದು ವಿಶ್ವವಿದ್ಯಾಲಯದ ಗೇಟಿನ ಎದುರು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಎರಡು ಮೆಷಿನ್ನು, ಒಂದು ಕಟಿಂಗ್ ಬ್ಲೇಡು, ಗೋಂದಿನ ಡಬ್ಬಿ, ಚಿನ್ನದ ಬಣ್ಣದ ಅಕ್ಷರ ಒತ್ತುವ ಅಚ್ಚುಗಳು. ಇಪ್ಪತ್ತು ವರ್ಷದಲ್ಲಿ ಸಾವಿರಾರು ಪ್ರಬಂಧಗಳನ್ನು ಹೊಲಿದು ಕಪ್ಪು ರಟ್ಟು ಹಾಕಿ ಕಳಿಸಿದ್ದ, ಒಂದನ್ನೂ ಓದಿರಲಿಲ್ಲ. ಅವನಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ.

“ಬೈಂಡಿಂಗ್ ಗಟ್ಟಿ ಇದ್ರೆ ಪ್ರಬಂಧ ಗಟ್ಟಿ ಕಣೇ” ಎನ್ನುತ್ತಿದ್ದ. “ಒಳಗೆ ಏನಿದೆ ಅಂತ ಯಾರು ನೋಡ್ತಾರೆ? ಗೆದ್ದಲು ನೋಡುತ್ತೆ, ಅಷ್ಟೇ.”

ಮೂರನೇ ಅಧ್ಯಾಯ ಆ ಊರಿನದೇ. ಗುರುಗಳ ಊರನ್ನು ಇನ್ನಷ್ಟು ವಿವರವಾಗಿ ಬರೆದು ಅವರಿಗೇ ಒಪ್ಪಿಸಬೇಕೆಂಬುದು ಶಿಷ್ಯೆಯ ಆಸೆ. ದೂರದ ದಾಖಲೆ ಕಚೇರಿಯೊಂದಕ್ಕೆ ಪತ್ರ ಬರೆದಳು. ಅಲ್ಲಿಯ ಪುಣ್ಯಾತ್ಮಗಿತ್ತಿ ಯಾರೋ ಆ ದಫ್ತರದ ಹಾಳೆಯ ಫೋಟೋ ತೆಗೆದು ಕಳಿಸಿದಳು. ಗಂಡ ಅದನ್ನು ಆರು ಕಾಗದದ ಮೇಲೆ ದೊಡ್ಡದು ಮಾಡಿ, ಅಂಚು ಕೂಡಿಸಿ ಅಂಟಿಸಿ, ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಮೇಜಿನ ಮೇಲೆ ಹರಡಿಕೊಟ್ಟ.

“ಇದೇನು ಅಕ್ಷರವೋ, ಇರುವೆ ಶಾಯಿಗೆ ಬಿದ್ದು ಎದ್ದು ಹೋಗಿದ್ಯೋ?”

ಆ ಇರುವೆ ಅಕ್ಷರ ಓದಲು ಅವಳು ಎರಡು ವರ್ಷ ಕಲಿತಿದ್ದಳು. ಬೆರಳಿಟ್ಟು ಓದುತ್ತಾ ಬಂದಳು. ನವೆಂಬರ್ ೧೫೫೩, ಗಂಟೆಯ ಹಗ್ಗ ಬದಲಾಯಿಸಿದ್ದು. ಡಿಸೆಂಬರ್ ೧೫೫೩, ಸೂರು ಸೋರುತ್ತಿದ್ದದ್ದಕ್ಕೆ ಸೀಸ ಹೊದಿಸಿದ್ದು. ಅದರ ಕೆಳಗೆ, ಅದೇ ಕೈಬರಹದಲ್ಲಿ, ಅದೇ ಶಾಯಿಯಲ್ಲಿ: ಫೆಬ್ರುವರಿ ೧೫೫೩, ಕೊಟ್ಟಿಗೆಯ ಹುಲ್ಲಿನಡಿಯಿಂದ ಕಲ್ಲನ್ನು ತಂದು ನಿಲ್ಲಿಸಿದ್ದು. ಅದರ ಕೆಳಗಿನ ಸಾಲು: ಮಾರ್ಚ್ ಇಪ್ಪತ್ತೈದು, ೧೫೫೪.

ಬೆರಳು ಅಲ್ಲೇ ನಿಂತಿತು. ಡಿಸೆಂಬರ್ ೧೫೫೩ರ ಕೆಳಗೆ ಫೆಬ್ರುವರಿ ೧೫೫೩ ಹೇಗೆ ಬಂತು?

ಹೇಗೆ ಬಂತು ಎನ್ನುವುದು ಅವಳಿಗೆ ಗೊತ್ತಿದ್ದದ್ದೇ. ಆ ಕಾಲದ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದದ್ದು ಜನವರಿ ಒಂದಕ್ಕಲ್ಲ, ಮಾರ್ಚ್ ಇಪ್ಪತ್ತೈದಕ್ಕೆ. ಡಿಸೆಂಬರ್ ಕಳೆದು ಜನವರಿ, ಫೆಬ್ರುವರಿ ಬಂದರೂ ಹಳೆಯ ಇಸವಿಯೇ ನಡೆಯುತ್ತಿತ್ತು. ಅವರು ಫೆಬ್ರುವರಿ ೧೫೫೩ ಎಂದು ಬರೆದರೆ ನಮ್ಮ ಲೆಕ್ಕದಲ್ಲಿ ಅದು ಫೆಬ್ರುವರಿ ೧೫೫೪. ಈ ಕಾಲದ ಇತಿಹಾಸಕ್ಕೆ ಕೈ ಹಾಕಿದವರಿಗೆ ಇದು ಮೊದಲ ಪಾಠ. ಬಲಿಪೀಠದವರೇ ಪ್ರತಿ ವರ್ಷ ಮೊದಲನೇ ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದರು.

ಹಾಗಾದರೆ ಅವರು ಎಡವಿದ್ದೆಲ್ಲಿ? ಅವಳು ಗ್ರಂಥಾಲಯಕ್ಕೆ ಓಡಿ ಆ ದಫ್ತರದ ಅಚ್ಚಾದ ಪ್ರತಿ ತೆಗೆದು ನೋಡಿದಳು. ಬಹಳ ಹಿಂದೆ ಅದನ್ನು ಅಚ್ಚು ಹಾಕಿಸಿದ ಪಾದ್ರಿಯೊಬ್ಬ, ಬರೆದವನು ಕ್ರಮ ತಪ್ಪಿದ್ದಾನೆ ಅಂದುಕೊಂಡು, ಫೆಬ್ರುವರಿಯ ಸಾಲನ್ನು ಎತ್ತಿ ನವೆಂಬರಿನ ಮೇಲೆ ಕೂರಿಸಿಬಿಟ್ಟಿದ್ದ. ಸಾಲು ಮೇಲೆ ಕೂತಿದ್ದರಿಂದ, ಇಸವಿಯನ್ನು ಪಾದ್ರಿಯೇ ನಮ್ಮ ಜನವರಿ ಲೆಕ್ಕಕ್ಕೆ ತಿದ್ದಿದ್ದಾನೆ ಎಂದು ಪ್ರೊಫೆಸರು ನಂಬಿದ್ದಾರೆ. ಮೂಲ ಹಾಳೆಯನ್ನು ಒಂದು ಸಲ ನೋಡಿದ್ದರೆ ಸಾಕಿತ್ತು. ಚಿಕ್ಕ ಮಗುವಿಗೂ ಕಾಣುವ ಹಾಗೆ ಅದು ಡಿಸೆಂಬರಿನ ಕೆಳಗಿತ್ತು.

ಆ ಊರಿನವರು ಯಾರನ್ನೂ ಧಿಕ್ಕರಿಸಿರಲಿಲ್ಲ. ಬಾಲರಾಜ ಸತ್ತು ಏಳು ತಿಂಗಳಾಗಿತ್ತು. ಅಕ್ಕ ಪಟ್ಟಕ್ಕೆ ಬಂದು, ಕಾನೂನು ಪಾಸಾಗಿ, ಅಕ್ಕಪಕ್ಕದ ಊರಿನವರು ಮೊದಲು ಏನು ಮಾಡುತ್ತಾರೆ ಅಂತ ಬೇಲಿ ಸಂದಿಯಿಂದ ನೋಡಿ, ಇನ್ನೇನೂ ಅಪಾಯವಿಲ್ಲ ಅಂತ ಖಾತ್ರಿಯಾದ ಮೇಲೆ ಕೊಟ್ಟಿಗೆಯಿಂದ ಕಲ್ಲು ಹೊರಗೆ ತಂದಿದ್ದರು. ಅತಿಥಿ ಮೇಡಂಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಇವರು ವೀರರಲ್ಲ. ಬೆಳಗ್ಗೆ ಎದ್ದರೆ ಯಾವ ಅಪ್ಪಣೆ ಬಂದಿದೆಯೋ ಎಂದು ಹೆದರಿ ಬದುಕಿದವರು, ಹೆದರುತ್ತಲೇ ಕಲ್ಲನ್ನು ಒಡೆಯದೆ ಹುಲ್ಲಿನಡಿ ಮುಚ್ಚಿಟ್ಟವರು. ಅವಳಿಗೆ ಗೊತ್ತಿದ್ದ ಜನವೆಲ್ಲ ಇಂಥವರೇ. ಎರಡು ತಿಂಗಳು ಕೂತು ಅಧ್ಯಾಯ ಬರೆದಳು. ಹೆಸರು ‘ಹೆದರಿದವರ ಇತಿಹಾಸ’ ಎಂದಿಟ್ಟಳು. ಜೀವಮಾನದಲ್ಲಿ ಅವಳು ಬರೆದ ಒಳ್ಳೆಯ ಎಂಬತ್ತು ಪುಟ ಅವೇ. ಗಂಡ ಪ್ರಿಂಟ್ ತೆಗೆದು ಸ್ಪೈರಲ್ ಹಾಕಿಕೊಟ್ಟ.

ಗುರುಗಳು ಖುಷಿಪಡುತ್ತಾರೆ ಎಂದು ಅವಳು ನಂಬಿದ್ದಳು. ನಗಬೇಡಿ. ಇಪ್ಪತ್ತು ವರ್ಷ ಪುಸ್ತಕಗಳ ನಡುವೆ ಬದುಕಿದವರಿಗೆ ಇಂಥ ಭ್ರಮೆಗಳು ಇರುತ್ತವೆ.

ಅವರ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಗೋಡೆಗೆ ಸನ್ಮಾನದ ಫಲಕಗಳು, ಕಿಟಕಿಗೆ ಹಸಿರು ಪರದೆ, ಮೇಜಿನ ಗಾಜಿನಡಿ ಯಾವುದೋ ಚರ್ಚಿನ ಮುಂದೆ ಕೋಟು ಹಾಕಿ ನಿಂತ ಹಳೇ ಫೋಟೋ. ಚಹಾ ತರಿಸಿದರು. ಅಧ್ಯಾಯ ತಿರುವಿದರು. ಹನ್ನೆರಡನೇ ಪುಟದಲ್ಲಿ ನಿಂತರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅಂಟಿಸಿದ ಹಾಳೆಯನ್ನು ಬಿಡಿಸಿ ಮೇಜಿನ ತುಂಬ ಹರಡಿಕೊಂಡರು. ಚಹಾದ ಮೇಲೆ ಕೆನೆ ಕಟ್ಟಿತು.

“ಕಣ್ಣು ಚುರುಕಾಗಿದೆ ನಿಮ್ಮದು” ಎಂದರು ಕೊನೆಗೆ. “ಭಾಷೆನೂ ಚೆನ್ನಾಗಿದೆ.”

ಅಷ್ಟಕ್ಕೇ ಸುಮ್ಮನಿದ್ದರೆ ಏನಾಗುತ್ತಿತ್ತೋ. ಅವಳು ಹುಲಿ ಬಾಯಿಗೆ ಕೈ ಹಾಕಿದಳು, ಅದು ಹುಲಿ ಅಂತಲೂ ಗೊತ್ತಿಲ್ಲದೆ.

“ಸರ್, ನೀವು ಅಲ್ಲಿ ಹೋಗಿ ನೋಡಿದಾಗಲೂ ಸಾಲು ಇದೇ ಕ್ರಮದಲ್ಲಿತ್ತಾ? ನಿಮ್ಮ ಹಳೇ ಟಿಪ್ಪಣಿ ಏನಾದ್ರೂ ಇದ್ರೆ, ಅಡಿಟಿಪ್ಪಣಿಲಿ ಹಾಕ್ಬಹುದು ಅಂತ...”

ಅವರು ಹಾಳೆಯಿಂದ ಕಣ್ಣೆತ್ತಿದರು. ಅವರ ಮುಖ ನೋಡಿದಾಗ ಅವಳಿಗೆ ಅರ್ಥವಾಯಿತು. ಅವರು ಹಾಳೆ ತಿರುವಿರಲೇ ಇಲ್ಲ. ಅಲ್ಲಿಗೆ ಹೋಗಿದ್ದರು, ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡಿದ್ದರು, ದಫ್ತರದ ಪೆಟ್ಟಿಗೆಗೆ ಬೀಗವಿತ್ತೋ, ಚಳಿಯಿತ್ತೋ, ರೈಲಿಗೆ ಹೊತ್ತಾಗಿತ್ತೋ, ವಾಪಸು ಬಂದು ಅಚ್ಚಾದ ಪುಸ್ತಕ ನೋಡಿ ಬರೆದಿದ್ದರು. ತಪ್ಪು ಬರೀ ಒಂದು ಇಸವಿಯದಾಗಿದ್ದರೆ ಒಪ್ಪಿಕೊಳ್ಳಬಹುದಿತ್ತು. ಇಸವಿ ತಪ್ಪು ಎಂದು ಒಪ್ಪಿಕೊಂಡರೆ ‘ನನ್ನ ಕೈಯಾರೆ ತಿರುವಿದ್ದೇನೆ’ ಎಂಬ ಸಾಲೂ ಜೊತೆಗೇ ಬೀಳುತ್ತಿತ್ತು.

“ನೋಡಿ ಅಮ್ಮ,” ಎಂದರು ಅವರು, ದನಿ ತುಪ್ಪದಷ್ಟು ನುಣ್ಣಗಿತ್ತು, “ಪಿಎಚ್‌ಡಿ ಅನ್ನೋದು ಕ್ರಾಂತಿ ಮಾಡೋ ಜಾಗ ಅಲ್ಲ. ಒಂದು ಹಾಳೆ ಹಿಡ್ಕೊಂಡು ಇಷ್ಟು ದೊಡ್ಡ ಮಾತು ಹೇಳೋಕಾಗಲ್ಲ. ಹಳೇ ತಾರೀಖನ್ನೇ ಇಟ್ಕೊಂಡು ಅಧ್ಯಾಯ ತಿದ್ದಿ. ಆಧಾರಗಳ ಪಟ್ಟಿಯಿಂದ ಈ ಹಾಳೆ ತೆಗೆದುಬಿಡಿ, ಅಚ್ಚಾದ ಪುಸ್ತಕ ಸಾಕು. ಪದವಿ ಬರಲಿ. ಆಮೇಲೆ ಇದನ್ನೇ ಬೇರೆ ಲೇಖನ ಮಾಡಿ, ನಾನೇ ಮುಂದೆ ನಿಂತು ಅಚ್ಚು ಹಾಕಿಸ್ತೀನಿ.”

“ಆದ್ರೆ ಸರ್, ಅದು ತಪ್ಪು ಅಂತ ಗೊತ್ತಿದ್ದೂ...”

“ತಿಂಗಳ ಕೊನೆಗೆ ಸಹಿ ಹಾಕೋನು ನಾನು. ಆಮೇಲೆ ಆರು ತಿಂಗಳು ಊರಲ್ಲಿರಲ್ಲ. ನಿಮ್ಮ ಕಾಲೇಜಿನ ಆದೇಶ ನನಗೂ ಗೊತ್ತು. ಯೋಚನೆ ಮಾಡಿ.”

ಅವಳು ಹಾಳೆ ಮಡಚಲು ಕೈ ಚಾಚಿದಳು. ಅವರು ಅದನ್ನೂ ಅಧ್ಯಾಯವನ್ನೂ ಎಳೆದುಕೊಂಡು ಡ್ರಾಯರಿಗೆ ಹಾಕಿದರು.

“ಇವು ನನ್ನ ಹತ್ರ ಇರಲಿ” ಎಂದರು.

ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಾ ಕೂತಿದ್ದರು. ಸೊಸೆಯ ಮುಖ ನೋಡಿ ಮೊದಲು ನೀರು ಕೊಟ್ಟರು, ಆಮೇಲೆ ಬುದ್ಧಿ ಕೊಟ್ಟರು. ಪೂರ್ತಿ ಕೇಳಿ, ಅವರ ತೀರ್ಪು ಒಂದೇ ಮಾತಿನದು.

“ಅಯ್ಯೋ, ಅವರು ಹೇಳಿದ ಇಸವಿನೇ ಬರೆದು ಬಿಸಾಕು. ಸತ್ತ ರಾಜ ಎದ್ದು ಬಂದು ಕೇಳ್ತಾನಾ? ಹನ್ನೊಂದು ವರ್ಷ ಬಿಸಿಲಲ್ಲಿ ಓಡಾಡಿದ್ದೀಯ. ದೇವರು ವರ ಕೊಡ್ತಿದ್ದಾನೆ, ಪೂಜಾರಿ ಹತ್ರ ಜಗಳ ಆಡಬೇಡ.”

“ಅಮ್ಮ, ನೀನು ಸುಮ್ನಿರು” ಎಂದ ಗಂಡ. ಅವಳ ಕಡೆ ತಿರುಗಿ, “ನೀನು ಹೇಗೆ ಬರೆದು ಕೊಟ್ರೂ ನಾನು ಹಾಗೇ ಬೈಂಡ್ ಮಾಡ್ತೀನಿ. ಕೆಲಸ ಹೋದ್ರೆ ಹೋಗಲಿ, ಅಂಗಡಿ ಇದೆಯಲ್ಲ” ಎಂದ.

ಅವನು ಒತ್ತಾಯ ಮಾಡಿದ್ದರೆ ಅವಳಿಗೆ ಬೈಯಲು ಒಬ್ಬ ಸಿಗುತ್ತಿದ್ದ. ಅವನು ಆ ಉಪಕಾರವನ್ನೂ ಮಾಡಲಿಲ್ಲ. ಮೂರು ದಿನ ಅವಳು ತರಗತಿಗೆ ಹೋದಳು, ಬಂದಳು. ಅತ್ತ ದರಿ, ಇತ್ತ ಪುಲಿ. ಸ್ಟಾಫ್ ರೂಮಿನಲ್ಲಿ ಅವಳದ್ದು ಅಂತ ಒಂದು ಕುರ್ಚಿ ಇರಲಿಲ್ಲ, ಯಾರು ರಜೆ ಹಾಕಿದ್ದಾರೋ ಅವರ ಕುರ್ಚಿಯಲ್ಲಿ ಕೂರಬೇಕು. ನಾಲ್ಕನೇ ದಿನ ಯಾರೂ ರಜೆ ಹಾಕಿರಲಿಲ್ಲ. ಎರಡು ಪಿರಿಯಡ್ಡಿನ ನಡುವೆ ನಲವತ್ತು ನಿಮಿಷ ವರಾಂಡದಲ್ಲಿ ನಿಂತಿದ್ದಳು. ಮನೆಗೆ ಬಂದವಳೇ ಕಂಪ್ಯೂಟರ್ ತೆಗೆದಳು.

ಮೊದಲು ಪದವಿ ಬರಲಿ, ಕಾಯಂ ಆಗಲಿ, ಆಮೇಲೆ ನಿಜ ಬರೆದರಾಯಿತು ಎಂದುಕೊಂಡಳು. ಹುಲ್ಲಿನಡಿ ಕಲ್ಲು ಮುಚ್ಚಿಟ್ಟವರೂ ಹೀಗೇ ಅಂದುಕೊಂಡಿದ್ದರು ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಎರಡು ತಿಂಗಳು ಅವರ ಜೊತೆ ಬಾಳಿದವಳಿಗೆ ಹೊಳೆಯದೆ ಇರುತ್ತದೆಯೇ? ಆದರೆ ಅವರು ಕಲ್ಲನ್ನು ಮುಚ್ಚಿಟ್ಟಿದ್ದರು, ಅಷ್ಟೇ. ಇವಳು ಮುಚ್ಚಿಡುವುದರ ಜೊತೆಗೆ ಸುಳ್ಳನ್ನು ನಿಲ್ಲಿಸಬೇಕಿತ್ತು. ‘ಕಾದರು’ ಇದ್ದಲ್ಲೆಲ್ಲ ‘ಸಿಡಿದೆದ್ದರು’ ಹಾಕಿದಳು. ‘ಹೆದರಿದರು’ ತೆಗೆದು ‘ಧಿಕ್ಕರಿಸಿದರು’ ಬರೆದಳು. ನಿಜ ಬರೆಯಲು ಎರಡು ತಿಂಗಳು ಹಿಡಿದಿತ್ತು, ಸುಳ್ಳಿಗೆ ಐದು ಗಂಟೆ ಸಾಕಾಯಿತು. ಮೊದಲ ಪುಟದ ಘೋಷಣೆಗೆ, ‘ಇದರಲ್ಲಿರುವ ನಿರ್ಣಯಗಳು ನನ್ನ ತಿಳಿವಳಿಕೆಯಂತೆ ಸತ್ಯವಾಗಿವೆ’ ಎಂಬುದರ ಕೆಳಗೆ, ಐದು ಪ್ರತಿಯಲ್ಲೂ ಸಹಿ ಹಾಕಿದಳು. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಅಂದರೆ ಇದೇ.

ಗಂಡ ಕಪ್ಪು ರಟ್ಟು ಹಾಕಿ, ಚಿನ್ನದ ಅಕ್ಷರ ಒತ್ತಿ, ಯಾರಿಗೂ ಹಾಕದ ರೇಷ್ಮೆಯ ಪಟ್ಟಿಯನ್ನು ಪುಟಗುರುತಿಗೆ ಇಟ್ಟು ಹೊಲಿದ.

ಮೌಖಿಕ ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯಿತು. ಹೊರಗಿನಿಂದ ಬಂದ ಪರೀಕ್ಷಕರು ಗುರುಗಳ ಹಳೆಯ ಸ್ನೇಹಿತರು, ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಒಂದು ಪ್ರಶ್ನೆ ಮಾತ್ರ ಕೇಳಿದರು. “ಮೂಲ ದಫ್ತರ ನೋಡಿದ್ದೀರಾ?” ಅವಳು ಬಾಯಿ ತೆರೆಯುವ ಮೊದಲೇ ಬಲಿಪೀಠದವರು ನಕ್ಕರು. “ಅದನ್ನ ನೋಡಿರೋನು ನಾನಿದ್ದೀನಲ್ಲಪ್ಪ” ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳು ಡಾಕ್ಟರ್ ಆದಳು.

ಕಾಯಂ ಆದಳು, ಎರಡು ವರ್ಷ ನಡತೆ ನೋಡಿ ಖಚಿತ ಮಾಡುತ್ತೇವೆ ಎಂಬ ಷರತ್ತಿನ ಮೇಲೆ. ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಸಿಕ್ಕಿತು, ಬೀಗ ಇರುವ ಒಂದು ಖಾನೆ ಸಿಕ್ಕಿತು. ‘ಅತಿಥಿ ಮೇಡಂ’ ಎಂಬ ಹೆಸರು ಮಾತ್ರ ಹೋಗಲಿಲ್ಲ. ಪರೀಕ್ಷೆಗೆ ಬರುತ್ತದೆಂದು ಮೊದಲ ವರ್ಷ ಆ ಊರಿನ ಪಾಠವನ್ನೂ ಹೇಳಿದಳು, ಹಳೆಯ ತಾರೀಖಿನಲ್ಲೇ. ಲೇಖನದ ವಿಷಯಕ್ಕೆ ಗುರುಗಳಿಗೆ ಎರಡು ಸಲ ಫೋನ್ ಮಾಡಿದಳು. ಮೊದಲ ಸಲ, “ಸ್ವಲ್ಪ ದಿನ ಹೋಗಲಿ” ಎಂದರು. ಎರಡನೇ ಸಲ, “ಏನು ಅವಸರ? ಮೊದಲು ನಿಮ್ಮ ಎರಡು ವರ್ಷ ಮುಗೀಲಿ” ಎಂದರು. ಇದು ಕಾಳಜಿಯ ಮಾತು ಎಂದೇ ಅವಳು ತಿಳಿದಳು. ಆ ಎರಡು ವರ್ಷ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು.

ಒಂದು ಮಧ್ಯಾಹ್ನ ಗಂಡ ಕಾಲೇಜಿಗೆ ಫೋನ್ ಮಾಡಿದ. ಅವನು ಎಂದೂ ಹಾಗೆ ಮಾಡಿದವನಲ್ಲ.

“ಕೆಲಸ ಮುಗಿಸಿ ನೆಟ್ಟಗೆ ಅಂಗಡಿಗೆ ಬಾ. ಏನು ಅಂತ ಕೇಳ್ಬೇಡ, ಬಾ.”

ಅಂಗಡಿಯ ಕೌಂಟರಿನ ಗಾಜಿನ ಮೇಲೆ, ‘ಇಲ್ಲಿ ಲ್ಯಾಮಿನೇಷನ್ ಮಾಡಿಕೊಡಲಾಗುವುದು’ ಎಂಬ ಬೋರ್ಡಿನ ಪಕ್ಕದಲ್ಲಿ, ದೊಡ್ಡದು ಮಾಡಿದ ಒಂದು ಇಂಗ್ಲಿಷ್ ಪುಟ ಟೇಪಿನಲ್ಲಿ ಅಂಟಿಕೊಂಡಿತ್ತು, ಲ್ಯಾಮಿನೇಷನ್ ಸಮೇತ. ಪುಟದ ಬುಡದಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಗಂಡ ಬಂದವರಿಗೆಲ್ಲ ಚಾಕೊಲೇಟ್ ಹಂಚುತ್ತಿದ್ದ.

“ನಿನ್ನ ಹೆಸರು ಕಣೇ! ನಿಮ್ಮ ಬಲಿಪೀಠದವರ ಹೊಸ ಪುಸ್ತಕದಲ್ಲಿ! ಜೆರಾಕ್ಸಿಗೆ ಬಂತು, ಪುಟ ತಿರುಗಿಸ್ತಿದ್ದೆ, ನೋಡ್ತೀನಿ, ನಿನ್ನ ಪೂರ್ತಿ ಹೆಸರು! ಇಪ್ಪತ್ತು ವರ್ಷದಲ್ಲಿ ಇದೊಂದೇ ಪುಟ ನಾನು ಓದಿದ್ದು, ಅಂದ್ರೆ ಹೆಸರಷ್ಟೇ ಓದಿದ್ದು. ಏನು ಬರೆದಿದ್ದಾರೆ ಓದಿ ಹೇಳು. ಹೊಗಳಿರಬೇಕಲ್ಲ?”

ಅವಳು ಓದಿದಳು. ಪರಿಷ್ಕೃತ ಆವೃತ್ತಿ. ಮೂಲ ಹಾಳೆಯನ್ನು ಮತ್ತೊಮ್ಮೆ ಪರಿಶೀಲಿಸಿದಾಗ ತಾವೇ ಈ ತಪ್ಪನ್ನು ಕಂಡುಕೊಂಡೆವು ಎಂದು ಪ್ರೊಫೆಸರು ಬರೆದಿದ್ದರು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು ಇತಿಹಾಸಕಾರನ ಧರ್ಮವಂತೆ. ಕಲ್ಲು ನಿಂತದ್ದು ೧೫೫೪ರಲ್ಲಿ, ಊರಿನವರು ಧಿಕ್ಕರಿಸಿದ್ದಲ್ಲ, ಕಾದದ್ದು. ಅಧ್ಯಾಯಕ್ಕೆ ‘ಹೆದರಿದವರ ಇತಿಹಾಸ’ ಎಂಬ ಹೆಸರಿತ್ತು. ಕೆಂಪು ಗೆರೆಯ ಅಡಿಟಿಪ್ಪಣಿ ಹೀಗಿತ್ತು: ‘ಮೂಲವನ್ನು ನೋಡುವ ಶ್ರಮ ತೆಗೆದುಕೊಳ್ಳದೆ ಅಚ್ಚಾದ ಪ್ರತಿಯನ್ನೇ ನಂಬಿ ಹಳೆಯ ತಾರೀಖನ್ನು ಉರು ಹೊಡೆಯುವ ಸಂಶೋಧಕರು ಇಂದಿಗೂ ಇದ್ದಾರೆ. ಉದಾಹರಣೆಗೆ ನೋಡಿ:’ ಮುಂದೆ ಅವಳ ಹೆಸರು, ಪ್ರಬಂಧದ ಹೆಸರು, ಪುಟಸಂಖ್ಯೆ.

ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದ ಮೇಲೆ, ಹೊಲದವಳಿಗೆ ಬೇಸಾಯ ಗೊತ್ತಿಲ್ಲ ಎಂದು ಬರೆದಿಟ್ಟೂ ಹೋಗಿತ್ತು.

“ಮೇಡಂ.”

ಪಕ್ಕದಲ್ಲಿ ಅವಳದೇ ತರಗತಿಯ ಹುಡುಗಿ ನಿಂತಿದ್ದಳು. ಮುಂದಿನ ಬೆಂಚಿನವಳು, ಎಲ್ಲದಕ್ಕೂ ‘ಯಾಕೆ’ ಎನ್ನುವವಳು. ಜೆರಾಕ್ಸಿಗೆ ಕೊಟ್ಟ ಪುಸ್ತಕ ಅವಳದ್ದು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಅಡಿಟಿಪ್ಪಣಿ ಓದಿ ಆಗಿತ್ತು.

“ಮೇಡಂ, ಇದು ನೀವೇನಾ?”

“ಹೌದು.”

“ನಮಗೂ ನೀವು ಹಳೇ ತಾರೀಖೇ ಹೇಳಿಕೊಟ್ರಿ.” ಹುಡುಗಿ ಕೊಂಕಾಗಿ ಕೇಳುತ್ತಿರಲಿಲ್ಲ. ಮೇಡಂ ಏನಾದರೂ ಹೇಳಿ ಇದನ್ನೆಲ್ಲ ಸುಳ್ಳು ಮಾಡಲಿ ಎಂದು ಕಾಯುತ್ತಿದ್ದಳು. “ನೀವು ನಿಜವಾಗ್ಲೂ ಮೂಲ ಹಾಳೆ ನೋಡಿರಲಿಲ್ವಾ ಮೇಡಂ?”

ಉತ್ತರ ಎರಡೇ ಇದ್ದವು. ನೋಡಿದ್ದೆ ಎಂದರೆ, ಗೊತ್ತಿದ್ದೂ ಸುಳ್ಳು ಬರೆದು ಸತ್ಯವೆಂದು ಸಹಿ ಹಾಕಿದವಳು. ಪದವಿ ಹೋಗುತ್ತದೆ, ಕುರ್ಚಿ ಹೋಗುತ್ತದೆ. ನೋಡಿಲ್ಲ ಎಂದರೆ, ಬರೀ ದಡ್ಡಿ. ದಡ್ಡರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ.

“ಇಲ್ಲಮ್ಮ” ಎಂದಳು. “ನಾನು ನೋಡಿರಲಿಲ್ಲ.”

“ಹೌದಾ ಮೇಡಂ” ಎಂದಳು ಹುಡುಗಿ. ಪುಸ್ತಕ, ಜೆರಾಕ್ಸ್ ಎರಡನ್ನೂ ಎದೆಗವಚಿಕೊಂಡು ರಸ್ತೆ ದಾಟಿ ಹೋದಳು. ಚಾಕೊಲೇಟನ್ನು ಕೌಂಟರಿನ ಮೇಲೆಯೇ ಬಿಟ್ಟಿದ್ದಳು.

ಗಂಡ ಮೆಷಿನ್ನು ನಿಲ್ಲಿಸಿದ್ದ.

“ನೋಡಿರಲಿಲ್ಲ ಅಂದ್ಯಲ್ಲ?” ಎಂದ. “ಆರು ಶೀಟ್ ಅಂಟಿಸಿದ್ದು ನಾನೇ ಅಲ್ವಾ?”

ಅವಳು ಅಡಿಟಿಪ್ಪಣಿಯನ್ನು ಓದಿ ಅರ್ಥ ಹೇಳಿದಳು, ಒಂದು ಮಾತೂ ಬಿಡದೆ. ಅವನ ಮುಖ ಕೆಂಪಾಯಿತು. ಕೌಂಟರಿನ ಮೇಲಿದ್ದದ್ದನ್ನು ಬದಿಗೆ ತಳ್ಳಿ ಕಂಪ್ಯೂಟರಿನ ಮುಂದೆ ಕೂತ.

“ಬೋಳಿಮಗ! ಇರು, ಅವನ ಬಂಡವಾಳ ಬಯಲು ಮಾಡ್ತೀನಿ. ನಾನು ಯಾರ ಫೈಲೂ ಅಳಿಸಲ್ಲ, ಗಿರಾಕಿ ಯಾವಾಗ ವಾಪಸ್ ಬರ್ತಾರೋ ಗೊತ್ತಿಲ್ಲ. ನೋಡು, ಇಲ್ಲಿದೆ ನಿನ್ನ ಹಳೇ ಮೂರನೇ ಅಧ್ಯಾಯ, ತಾರೀಖು ಸಮೇತ! ಹಾಳೆ ಫೋಟೋನೂ ಇದೆ! ಅವನ ಪುಸ್ತಕಕ್ಕಿಂತ ಎರಡು ವರ್ಷ ಮುಂಚೆ! ನಡಿ, ಈಗಲೇ ಪ್ರಿಂಟ್ ತೆಗೀತೀನಿ, ಕುಲಪತಿ ಹತ್ರ ಹೋಗೋಣ.”

ಇಪ್ಪತ್ತು ವರ್ಷದಲ್ಲಿ ಅವನು ಇಷ್ಟು ಸಿಟ್ಟಾದದ್ದನ್ನು ಅವಳು ನೋಡಿರಲಿಲ್ಲ. ಅವಳ ಪರವಾಗಿ ಜಗತ್ತಿನಲ್ಲಿ ಯಾರಾದರೂ ಇಷ್ಟು ಸಿಟ್ಟಾದದ್ದೂ ಇರಲಿಲ್ಲ. ಅವನನ್ನು ತಬ್ಬಿಕೊಂಡು ಅಳಬೇಕು ಅನ್ನಿಸಿತು.

“ಅಳಿಸಿಬಿಡಿ” ಎಂದಳು.

“ಏನು?”

“ಅಳಿಸಿಬಿಡಿ ರೀ. ಅದು ನಾನು ಮೊದಲೇ ಕಂಡಿದ್ದೆ ಅನ್ನೋಕೆ ಸಾಕ್ಷಿ. ಗೊತ್ತಿದ್ದೂ ಸುಳ್ಳು ಬರೆದೆ ಅನ್ನೋಕೂ ಅದೇ ಸಾಕ್ಷಿ. ಅವರಿಗೂ ಅದು ಗೊತ್ತು. ಗೊತ್ತಿರೋದಕ್ಕೇ ಧೈರ್ಯವಾಗಿ ನನ್ನ ಹೆಸರು ಹಾಕಿದ್ದಾರೆ. ಇನ್ನು ನಾಲ್ಕು ತಿಂಗಳು. ಯಾರ ಕೈಗಾದ್ರೂ ಸಿಕ್ಕಿದ್ರೆ ಎಲ್ಲಾ ಹೋಗುತ್ತೆ.”

ಹೇಗೆ ಬರೆದು ಕೊಟ್ಟರೂ ಹಾಗೇ ಬೈಂಡ್ ಮಾಡುವವನು, ಹೇಗೆ ಹೇಳಿದರೂ ಹೂಂ ಅನ್ನುವವನು, ಆ ದಿನ ಕುರ್ಚಿಯಿಂದ ಎದ್ದ.

“ನನ್ನ ಕೈಲಿ ಆಗಲ್ಲ. ನೀನೇ ಅಳಿಸು.”

ಅವಳು ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಅಧ್ಯಾಯವನ್ನು ತೆರೆದು ನೋಡಲಿಲ್ಲ, ನೋಡಿದ್ದರೆ ಆಗುತ್ತಿರಲಿಲ್ಲ. ಮೊದಲು ಅಧ್ಯಾಯ, ಆಮೇಲೆ ಹಾಳೆಯ ಫೋಟೋ, ಆಮೇಲೆ ಕಸದ ಬುಟ್ಟಿಯಿಂದ ಎರಡೂ. ಗಂಡ ಅವಳಿಗೆ ಬೆನ್ನು ಹಾಕಿ, ಗಾಜಿನ ಮೇಲಿನ ಲ್ಯಾಮಿನೇಷನ್ ಪುಟವನ್ನು ಉಗುರಿನಿಂದ ಎಬ್ಬಿಸುತ್ತಿದ್ದ. ಟೇಪು ಗಟ್ಟಿಯಾಗಿ ಹಿಡಿದಿತ್ತು, ಬರಲಿಲ್ಲ.

“ಆಯ್ತಾ?” ಎಂದು ಕೇಳಿದ, ತಿರುಗದೆ.

“ಆಯ್ತು.”

“ಇನ್ನೇನಾದ್ರೂ ಇದೆಯಾ, ಅಳಿಸೋದು?”

“ಇಲ್ಲ” ಎಂದಳು. “ಬರೆದಿದ್ದು ಅದೊಂದೇ.”